ಒಬ್ಬರೇ ಹೂಡುವ ಬಿಡಾರ

ಜರ್ಮನಿಯ ಬಹುಮಹಡಿ ಕಟ್ಟಡಗಳಲ್ಲಿ ಮನೆಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಊರು, ಪಿನ್‌ಕೋಡ್: ಅಷ್ಟೇ ವಿಳಾಸ. ಒಂದೇ ಕಟ್ಟಡದಲ್ಲಿ ಹತ್ತಾರು ಮನೆಗಳಿದ್ದರೂ ಅಂಚೆಯವರು ಪತ್ರ ಹಾಕುವುದು ಕೆಳಗಿನ ಟಪಾಲು ಪೆಟ್ಟಿಗೆಯ ಮೇಲಿನ ಹೆಸರು ನೋಡಿಕೊಂಡು. ಹೆಸರು ಅಂಟಿಸಿರದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ತೆರಿಗೆಯ ಗುರುತು ಸಂಖ್ಯೆ, ಬ್ಯಾಂಕ್ ಕಾರ್ಡು, ಅದರ ಪಿನ್, ಆರೋಗ್ಯ ವಿಮೆಯ ಕಾರ್ಡು ಎಲ್ಲವೂ ಆ ದೇಶದಲ್ಲಿ ಇನ್ನೂ ಅಂಚೆಯಲ್ಲೇ ಬರುತ್ತವೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬರೇ ಹೊರಟು ಅಲ್ಲೊಂದು ಬಾಡಿಗೆ ಮನೆ ಹಿಡಿದವರು ಹಾಲು ಉಕ್ಕಿಸುವುದಕ್ಕೂ ಮೊದಲು ಕರೆಗಂಟೆಯ ಪಕ್ಕದಲ್ಲೂ ಟಪಾಲು ಪೆಟ್ಟಿಗೆಯ ಮೇಲೂ ತಮ್ಮ ಹೆಸರು ಅಂಟಿಸಬೇಕು.

ಈ ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ತೊಡಕಿದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಊರಿನದೋ ಅಪ್ಪನದೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಒಂದಕ್ಷರ ಪೂರ್ತಿ ಬಿಡಿಸಿಕೊಂಡು ಸರ್‌ನೇಮ್ ಕಾಲಮ್ಮಿಗೆ ಹೋಗಿ ಕೂರುತ್ತದೆ. ಹೀಗಾಗಿ ತೀರ್ಥಹಳ್ಳಿಯ ಹುಡುಗಿಯೊಬ್ಬಳು ಅಲ್ಲಿನ ಎಲ್ಲ ಕಚೇರಿಗಳಿಗೂ ‘ಫ್ರಾವ್ ತೀರ್ಥಹಳ್ಳಿ’, ಅಂದರೆ ತೀರ್ಥಹಳ್ಳಿ ಮೇಡಂ, ಆಗುತ್ತಾಳೆ. ಅವಳ ಗೆಳತಿಯೊಬ್ಬಳನ್ನು ಎಲ್ಲರೂ ಆ ಗೆಳತಿಯ ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಅಭ್ಯಾಸವಾದ ಮೇಲೆ ಇದು ಏನೂ ಅನ್ನಿಸುವುದಿಲ್ಲ. ಆದರೆ ಪಾಸ್‌ಪೋರ್ಟ್, ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಟಪಾಲು ಪೆಟ್ಟಿಗೆ, ಈ ನಾಲ್ಕೂ ಕಡೆ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರುವಂತೆ ಮೊದಲ ದಿನದಿಂದಲೇ ನೋಡಿಕೊಳ್ಳಬೇಕು.

ನಮ್ಮೂರಿನಲ್ಲಿ ಮನೆ ನಡೆಯುವುದು ಜನರಿಂದ. ಗ್ಯಾಸ್ ಮುಗಿದರೆ ಯಾರಿಗೆ ಫೋನ್ ಮಾಡಬೇಕೆಂದು ಅಮ್ಮನಿಗೆ ಗೊತ್ತು. ಫ್ಯೂಸ್ ಹೋದರೆ ಕರೆಯಬೇಕಾದ ಎಲೆಕ್ಟ್ರಿಷಿಯನ್ ಯಾರೆಂದು ಅಪ್ಪನಿಗೆ ಗೊತ್ತು. ಕಸದ ಗಾಡಿ ಬರುವ ಹೊತ್ತು ಎದುರು ಮನೆಯವರಿಗೆ ಗೊತ್ತು, ಹಳೇ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅಜ್ಜಿಗೆ ಗೊತ್ತು. ಪಿಜಿಯಲ್ಲಿದ್ದವರಿಗೂ ಒಬ್ಬ ಆಂಟಿ ಇದ್ದೇ ಇರುತ್ತಾರೆ. ಈ ತಿಳಿವಳಿಕೆಯನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಹತ್ತು ಜನರ ತಲೆಯಲ್ಲಿ ಹಂಚಿಹೋಗಿರುತ್ತದೆ, ಬೇಕಾದಾಗ ಬಾಯಿಮಾತಿನಲ್ಲಿ ಸಿಗುತ್ತದೆ. ಜರ್ಮನಿಯಲ್ಲಿ ಅದೇ ತಿಳಿವಳಿಕೆ ಕಾನೂನಿನಲ್ಲಿ, ಬಾಡಿಗೆ ಕರಾರಿನಲ್ಲಿ, ಮೆಟ್ಟಿಲ ಬಳಿ ಅಂಟಿಸಿದ ನಿಯಮದ ಹಾಳೆಯಲ್ಲಿ ಇರುತ್ತದೆ. ಕೇಳಲು ಮನುಷ್ಯರು ಕಡಿಮೆ, ಓದಲು ಕಾಗದ ಬೇಕಾದಷ್ಟು. ಒಬ್ಬರೇ ಹೋದವರು ಮೊದಲ ವರ್ಷ ಪಡುವ ಪಾಡು ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂದು ನನಗೆ ಅನ್ನಿಸುತ್ತದೆ. ಮನೆಯವರ ನೆನಪು ಕಾಡುವುದಕ್ಕೆ ಎಷ್ಟೋ ಮೊದಲೇ, ಮನೆಯವರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೆಲ್ಲ ಒಬ್ಬರ ಮೈಮೇಲೆ ಬೀಳುತ್ತವೆ.

ಹೀಗೆ ಹೋಗುವವರ ಸಂಖ್ಯೆ ಈಗ ಸಣ್ಣದಲ್ಲ. 2023–24ರಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಸುಮಾರು 49,000 ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶಿ ವಿದ್ಯಾರ್ಥಿಗಳ ಪೈಕಿ ಅತಿ ದೊಡ್ಡ ಗುಂಪು ಅವರದೇ. ಕರ್ನಾಟಕಕ್ಕೆ ಇನ್ನೊಂದು ನಂಟೂ ಇದೆ. ಬಾಷ್, ಎಸ್‌ಎಪಿ, ಸೀಮೆನ್ಸ್, ಮರ್ಸಿಡಿಸ್ ಕಂಪನಿಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿರುವುದರಿಂದ ಸ್ಟುಟ್‌ಗಾರ್ಟ್, ವಾಲ್‌ಡಾರ್ಫ್, ಮ್ಯೂನಿಕ್‌ಗಳಿಗೆ ಇಲ್ಲಿನ ಎಂಜಿನಿಯರ್‌ಗಳು ಹೋಗಿಬರುವುದು ನಡೆದೇ ಇದೆ. ಇಪ್ಪತ್ತೈದು ದಾಟದ, ಒಂದು ದಿನವೂ ಒಬ್ಬರೇ ಇದ್ದು ಗೊತ್ತಿಲ್ಲದ ಮಕ್ಕಳು ಎರಡು ಸೂಟ್‌ಕೇಸ್ ಹಿಡಿದು ಇಳಿಯುವುದು ಇಂಥ ಊರುಗಳಲ್ಲಿ.

ವಿಳಾಸವೇ ಮೂಲ

ಅಲ್ಲಿ ಎಲ್ಲವೂ ವಿಳಾಸದಿಂದ ಶುರುವಾಗುತ್ತದೆ. ಮನೆಗೆ ಹೋದ ಎರಡು ವಾರದೊಳಗೆ ನಗರಸಭೆಯ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಬೇಕೆಂದು ಕಾನೂನೇ ಇದೆ. ಅದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಇಂಥವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ ಎಂದು ಮನೆ ಮಾಲೀಕರು ಸಹಿ ಹಾಕಿದ ಕಾಗದವಿಲ್ಲದೆ ಅದು ಆಗುವುದಿಲ್ಲ. ಅದು ಆದ ಮೇಲೆ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಕೊಡದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಆಮೇಲೆ ಸರಿಹೋಗುತ್ತದೆ ನಿಜ, ಆದರೆ ಮೊದಲ ತಿಂಗಳುಗಳಲ್ಲಿ ಕೈ ಕಟ್ಟುತ್ತದೆ. ಬ್ಯಾಂಕ್ ಖಾತೆಗೆ, ವಾಸದ ಪರವಾನಗಿಗೆ ಎಲ್ಲದಕ್ಕೂ ಅದೇ ನೋಂದಣಿ ಪತ್ರ ಕೇಳುತ್ತಾರೆ. ಆದ್ದರಿಂದ ತಾತ್ಕಾಲಿಕ ಕೋಣೆ ಹುಡುಕುವಾಗಲೂ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ‘ಇಲ್ಲಿ ಅನ್‌ಮೆಲ್ಡುಂಗ್ ಮಾಡಿಸಬಹುದೇ’ ಎಂದು ಕೇಳಬೇಕು. ಎಷ್ಟೋ ಕಡೆ ಅಲ್ಪಾವಧಿಗೆ ಕೋಣೆ ಕೊಡುವವರು ಅದಕ್ಕೆ ಒಪ್ಪುವುದಿಲ್ಲ.

ಮನೆ ಸಿಗುವುದು ಮಾತ್ರ ನಿಜಕ್ಕೂ ಕಷ್ಟ. ಮ್ಯೂನಿಕ್‌ನಂಥ ಊರಿನಲ್ಲಿ ಒಂದು ಸಣ್ಣ ಮನೆ ನೋಡಲು ಜನ ಸಾಲುಗಟ್ಟುತ್ತಾರೆ. ಮಾಲೀಕರು ಸಂಬಳದ ಚೀಟಿಯ ಜೊತೆಗೆ ‘ಶೂಫಾ’ ಪತ್ರ ಕೇಳುತ್ತಾರೆ. ಸಾಲ, ಬಿಲ್ಲುಗಳನ್ನು ಸರಿಯಾಗಿ ಕಟ್ಟಿದ್ದೀರಾ ಎಂಬುದರ ಲೆಕ್ಕ ಇಡುವ ಸಂಸ್ಥೆ ಅದು. 1927ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು. ಹೊಸದಾಗಿ ಬಂದವರ ಲೆಕ್ಕ ಅಲ್ಲಿ ಇರುವುದೇ ಇಲ್ಲ. ಆಗ ಕೆಲಸದ ಕರಾರು, ಹಳೆಯ ಮಾಲೀಕರ ಪತ್ರ, ನಿಮ್ಮ ಬಗ್ಗೆ ನಾಲ್ಕು ಸಾಲು ಪರಿಚಯ ಇವನ್ನೆಲ್ಲ ಸೇರಿಸಿ ಕಳಿಸಬೇಕಾಗುತ್ತದೆ. ಒಬ್ಬರೇ ಹೋದವರಿಗೆ ನನ್ನ ಸಲಹೆ, ಮೊದಲ ವರ್ಷ ನಾಲ್ಕೈದು ಜನ ಅಡುಗೆಮನೆ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ ಹಿಡಿಯಿರಿ. ಬಾಡಿಗೆ ಉಳಿಯುತ್ತದೆ ಎನ್ನುವುದಕ್ಕಿಂತ, ನಿಯಮದ ಹಾಳೆಯಲ್ಲಿ ಬರೆದಿರುವುದನ್ನು ಬಾಯಿಬಿಟ್ಟು ಹೇಳುವವರು ಅಲ್ಲಿರುತ್ತಾರೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮನೆ ತೋರಿಸದೆ, ‘ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಕೀ ಕೊರಿಯರ್ ಮಾಡುತ್ತೇನೆ’ ಎನ್ನುವವರಿಗೆ ಒಂದು ಯೂರೊ ಕೂಡ ಕೊಡಬಾರದು. ಭಾರತದಲ್ಲಿ ಕೂತು ಮನೆ ಹುಡುಕುವ ಮಕ್ಕಳನ್ನೇ ಹಿಡಿಯಲು ಕಾದಿರುವ ಮೋಸ ಅದು.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತವೆ. ‘ತಣ್ಣನೆ ಬಾಡಿಗೆ’ ಬರೀ ಜಾಗಕ್ಕೆ. ‘ಬಿಸಿ ಬಾಡಿಗೆ’ ಎಂದರೆ ಅದಕ್ಕೆ ಚಳಿಗಾಲದ ಹೀಟಿಂಗ್, ನೀರು, ಕಸ ವಿಲೇವಾರಿ, ಮೆಟ್ಟಿಲು ಗುಡಿಸುವ ಖರ್ಚು ಸೇರಿಸಿದ್ದು. ಕೊನೆಗೆ ಕೈಯಿಂದ ಹೋಗುವುದು ಎರಡನೆಯದು, ಅದರ ಮೇಲೆ ಕರೆಂಟು ಬೇರೆ. ಹೀಟಿಂಗ್‌ಗೆ ತಿಂಗಳು ತಿಂಗಳು ಕೊಡುವುದು ಅಂದಾಜಿನ ಮೊತ್ತ. ವರ್ಷಕ್ಕೊಮ್ಮೆ ನಿಜವಾದ ಬಳಕೆಯ ಲೆಕ್ಕ ಬರುತ್ತದೆ, ಹೆಚ್ಚು ಉರಿಸಿದ್ದರೆ ಬಾಕಿ ಕಟ್ಟಬೇಕು. ಅಡ್ವಾನ್ಸಿನ ವಿಷಯದಲ್ಲಿ ಮಾತ್ರ ನಮ್ಮವರಿಗೆ ನೆಮ್ಮದಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಅಲ್ಲಿನ ಕಾನೂನು ಉದಾರವಾಗಿ ಕಾಣುತ್ತದೆ. ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು, ಮಾಲೀಕರು ಆ ಹಣವನ್ನು ತಮ್ಮ ಹಣದಿಂದ ಬೇರೆಯಾಗಿಡಬೇಕು. ಮನೆ ಬಿಡುವಾಗ ಮೂರು ತಿಂಗಳ ನೋಟಿಸು ಕೊಡಬೇಕು. ಕೀ ಪಡೆಯುವ ದಿನ ಗೋಡೆಯ ಪ್ರತಿ ಕಲೆಯ, ಪ್ರತಿ ಮೀಟರಿನ ಅಂಕಿಯ ಫೋಟೊ ತೆಗೆದು, ಅದನ್ನೆಲ್ಲ ಹಸ್ತಾಂತರದ ಪತ್ರದಲ್ಲಿ ಬರೆಸಿ ಇಬ್ಬರೂ ಸಹಿ ಮಾಡಿದರೆ ಮುಂದೆ ಅಡ್ವಾನ್ಸ್ ವಾಪಸು ಪಡೆಯುವಾಗ ಜಗಳವಿರುವುದಿಲ್ಲ.

ಒಲೆಯೂ ಇಲ್ಲದ ಅಡುಗೆಮನೆ

ಬಾಗಿಲು ತೆರೆದು ಒಳಗೆ ಹೋದವರಿಗೆ ಒಮ್ಮೆ ದಿಗಿಲಾಗುವುದುಂಟು. ಸೂರಿನಿಂದ ಬರೀ ವೈರುಗಳು ಜೋತಾಡುತ್ತಿರುತ್ತವೆ. ದೀಪಗಳನ್ನು ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಅಡುಗೆಮನೆಯಲ್ಲಿ ನೀರಿನ ಪೈಪು, ಗೋಡೆಯಲ್ಲೊಂದು ಕರೆಂಟಿನ ಪೆಟ್ಟಿಗೆ ಬಿಟ್ಟರೆ ಏನೂ ಇಲ್ಲ. ಸಿಂಕು, ಒಲೆ, ಕಪಾಟು ಎಲ್ಲವೂ ಬಾಡಿಗೆದಾರರ ಸ್ವಂತ ಆಸ್ತಿ. ಮನೆ ಬಿಡುವವರು ತಮ್ಮ ಅಡುಗೆಮನೆಯನ್ನು ಮುಂದೆ ಬರುವವರಿಗೆ ಮಾರುವುದು ಅಲ್ಲಿನ ರೂಢಿ. ಜಾಹೀರಾತಿನಲ್ಲಿ ಅಡುಗೆಮನೆ ಕೂಡಿದೆ ಎಂದು ಬರೆದಿದ್ದರೆ ಒಬ್ಬರೇ ಇರುವವರು ಬಾಡಿಗೆ ಸ್ವಲ್ಪ ಹೆಚ್ಚಾದರೂ ಅಂಥದ್ದನ್ನೇ ಹಿಡಿಯುವುದು ಮೇಲು. ಎರಡು ವರ್ಷಕ್ಕೆ ಊರು ಬಿಡಬೇಕಾಗಿ ಬಂದಾಗ ಒಂದಿಡೀ ಅಡುಗೆಮನೆ ಮಾರಿ ಹೊರಡುವುದು ಸಣ್ಣ ಕೆಲಸವಲ್ಲ.

ಊರಿನಿಂದ ಪಾತ್ರೆ ಹೊತ್ತು ಹೋಗುವವರು ಒಲೆಯ ಬಗೆ ತಿಳಿದುಕೊಂಡಿರಬೇಕು. ಗ್ಯಾಸ್ ಒಲೆ ಅಲ್ಲಿ ಅಪರೂಪ. ಗಾಜಿನ ಹಾಸಿನ ಒಲೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಗಾಜಿನ ಕೆಳಗೆ ತಂತಿ ಕೆಂಪಗೆ ಕಾಯುತ್ತದೆ, ಅದರ ಮೇಲೆ ಯಾವ ಪಾತ್ರೆಯಾದರೂ ಬಿಸಿಯಾಗುತ್ತದೆ. ಇನ್ನೊಂದು ಇಂಡಕ್ಷನ್. ಅದು ಕಾಯಿಸುವುದು ಪಾತ್ರೆಯ ತಳವನ್ನೇ. ತಳದಲ್ಲಿ ಅಯಸ್ಕಾಂತಕ್ಕೆ ಅಂಟುವ ಲೋಹ ಇರಬೇಕು. ಅಮ್ಮ ಕಟ್ಟಿಕೊಟ್ಟ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ತಣ್ಣಗೆ ಕೂತಿರುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿದರೆ ಇಲ್ಲೇ ಗೊತ್ತಾಗುತ್ತದೆ. ಮಿಕ್ಸಿಗೆ ಯೋಚನೆಯಿಲ್ಲ, ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಸಾಮಾನಿನ ಚಿಂತೆ ಜನ ಅಂದುಕೊಳ್ಳುವಷ್ಟಿಲ್ಲ. ಸಣ್ಣ ರವೆ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಅಗ್ಗಕ್ಕೆ ಸಿಗುತ್ತದೆ, ಉಪ್ಪಿಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಮಜ್ಜಿಗೆ ಪೊಟ್ಟಣದಲ್ಲಿ ಬರುತ್ತದೆ. 1961ರ ಕಾರ್ಮಿಕ ಒಪ್ಪಂದದ ಮೇಲೆ ದುಡಿಯಲು ಬಂದ ತುರ್ಕಿಯವರು ಊರೂರಲ್ಲಿ ಅಂಗಡಿ ತೆರೆದಿರುವುದರಿಂದ ಬೆಂಡೆ, ಬದನೆ, ಕಟ್ಟು ಕಟ್ಟು ಕೊತ್ತಂಬರಿಗೆ ಕೊರತೆಯಿಲ್ಲ. ಕರಿಬೇವು, ನುಗ್ಗೆಕಾಯಿ, ತೊಗರಿಬೇಳೆ ಬೇಕಾದರೆ ಶ್ರೀಲಂಕಾದ ತಮಿಳರ ಅಂಗಡಿ ಹುಡುಕಬೇಕು. ತಮ್ಮ ದೇಶದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದು ನೆಲೆಯಾದವರು ಅವರು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗಲು ಓವನ್‌ನ ಒಳದೀಪ ಒಂದನ್ನೇ ಹಾಕಿ ಹಿಟ್ಟಿನ ಪಾತ್ರೆಯನ್ನು ರಾತ್ರಿಯಿಡೀ ಒಳಗಿಟ್ಟರೆ ಸಾಕು. ಒಗ್ಗರಣೆಯ ವಿಷಯ ಬೇರೆ. ಮಲಗುವ ಕೋಣೆ, ಹಾದಿಕೋಣೆಗಳಲ್ಲಿ ಹೊಗೆ ಎಚ್ಚರಿಕೆಯ ಯಂತ್ರ ಕಡ್ಡಾಯ. ಒಂದೇ ಕೋಣೆಯ ಮನೆಯಲ್ಲಿ ಒಲೆಗೂ ಹಾಸಿಗೆಗೂ ಮಧ್ಯೆ ಗೋಡೆಯೇ ಇಲ್ಲದಾಗ ಒಣಮೆಣಸಿನಕಾಯಿ ಹಾಕುವ ಮೊದಲು ಕಿಟಕಿ ತೆರೆಯುವುದು ಒಳ್ಳೆಯದು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಂಗಡಿ ಮುಚ್ಚುವ ಹೊತ್ತನ್ನು ಗೊತ್ತುಮಾಡುವ ಕಾನೂನು ಬಂದದ್ದು 1956ರಲ್ಲಿ. ಈಗ ವಾರದ ದಿನಗಳ ಸಮಯವನ್ನು ರಾಜ್ಯಗಳೇ ತೀರ್ಮಾನಿಸುತ್ತವೆ, ಭಾನುವಾರದ ಬಿಡುವಿಗಂತೂ ಸಂವಿಧಾನದ ರಕ್ಷಣೆಯೇ ಇದೆ. ರಾತ್ರಿ ಹನ್ನೊಂದಕ್ಕೂ ಬೀದಿ ಕೊನೆಯಲ್ಲಿ ಮೊಸರು ಸಿಗುವ ಊರಿನಿಂದ ಹೋದವರಿಗೆ ಮೊದಲು ಇದು ಕಿರಿಕಿರಿ. ಶುಕ್ರವಾರ ಸಂಜೆಯೇ ಮುಂದಿನ ವಾರ ಏನು ಬೇಕೆಂದು ಪಟ್ಟಿ ಮಾಡುವುದು ರೂಢಿಯಾಗುವವರೆಗೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ಆದರೆ ಆ ಬಿಡುವನ್ನು ನಾನು ಮೆಚ್ಚುತ್ತೇನೆ. ಅಂಗಡಿಯಲ್ಲಿ ದುಡಿಯುವವರೂ ಮನೆಯವರೊಂದಿಗೆ ಕೂತು ಉಣ್ಣುವ ಒಂದು ದಿನವನ್ನು ಕಾನೂನು ಉಳಿಸಿಕೊಟ್ಟಿದೆ.

ಕಿಟಕಿ ತೆರೆಯುವ ವಿದ್ಯೆ

ನಿಯಮಗಳಲ್ಲಿ ನಮ್ಮವರಿಗೆ ಅತಿ ವಿಚಿತ್ರವಾಗಿ ಕಾಣುವುದು ಚಳಿಗಾಲದಲ್ಲಿ ಕಿಟಕಿ ತೆರೆಯಬೇಕೆಂಬುದು. ಹೊರಗೆ ಸೊನ್ನೆಗಿಂತ ಕೆಳಗಿರುವಾಗ ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಪೂರಾ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಬೇಕೆಂದು ಬಾಡಿಗೆ ಕರಾರಿನಲ್ಲೇ ಬರೆದಿರುವುದುಂಟು. ಕಾರಣ ತಿಳಿದರೆ ಇದು ವಿಚಿತ್ರವಲ್ಲ. ಬೆಚ್ಚನೆ ಗಾಳಿ ಹೆಚ್ಚು ತೇವ ಹಿಡಿಯುತ್ತದೆ. ಒಬ್ಬರ ಉಸಿರು, ಸ್ನಾನ, ಅನ್ನ ಬೇಯಿಸಿದ ಆವಿ, ಕೋಣೆಯಲ್ಲೇ ಒಣಗಿಸಿದ ಬಟ್ಟೆ ಎಲ್ಲದರ ನೀರೂ ಆ ಗಾಳಿಗೆ ಸೇರುತ್ತದೆ. ಅಲ್ಲಿನ ಎರಡು ಪದರದ ಗಾಜಿನ ಕಿಟಕಿಗಳು ಎಷ್ಟು ಬಿಗಿಯೆಂದರೆ ಅದು ಹೊರಹೋಗಲು ಸಂದಿಯೇ ಇಲ್ಲ. ಹೊರಗೋಡೆಯ ತಣ್ಣನೆ ಮೂಲೆಗೆ, ಬೀರುವಿನ ಹಿಂಬದಿಗೆ ತಾಗಿದಾಗ ಆ ತೇವ ನೀರಾಗಿ ಇಳಿಯುತ್ತದೆ, ಕೆಲವೇ ವಾರಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಬೂಷ್ಟು ಹೊಸದಲ್ಲ. ಆದರೆ ಅಲ್ಲಿ ಗೋಡೆಯ ಬೂಷ್ಟಿನ ಹೊಣೆ ಬಾಡಿಗೆದಾರರದು ಎಂದು ತೀರ್ಮಾನವಾದರೆ ಅಡ್ವಾನ್ಸಿಗೇ ಕತ್ತರಿ.

ಚಳಿಗೆ ಹೆದರಿ ಕಿಟಕಿಯನ್ನು ಇಡೀ ದಿನ ಓರೆ ಮಾಡಿಟ್ಟರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ. ಹಾಗೆ ಮಾಡಿದರೆ ಗಾಳಿ ನಿಧಾನವಾಗಿ ಬದಲಾಗುತ್ತದೆ, ಅಷ್ಟರಲ್ಲಿ ಗೋಡೆಯೇ ತಣ್ಣಗಾಗಿ ತೇವ ಇನ್ನಷ್ಟು ಕೂರುತ್ತದೆ, ಹೀಟಿಂಗ್ ಬಿಲ್ಲು ಏರುತ್ತದೆ. ಹೀಟರ್ ಬಂದ್ ಮಾಡಿ, ಕಿಟಕಿಗಳನ್ನು ಪೂರ್ತಿ ತೆರೆದು, ಗಾಳಿ ಒಮ್ಮೆ ಬದಲಾದ ಕೂಡಲೇ ಮುಚ್ಚಿದರೆ ಗೋಡೆ ಬೆಚ್ಚಗೇ ಉಳಿದಿರುತ್ತದೆ. ಹೀಟರಿನ ತಿರುಗುಗುಂಡಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. 3 ಎಂದರೆ ಸುಮಾರು 20 ಡಿಗ್ರಿ. ಬೇಗ ಬೆಚ್ಚಗಾಗಲೆಂದು 5ಕ್ಕೆ ತಿರುಗಿಸಿದರೂ ಕೋಣೆ ಬೇಗ ಕಾಯುವುದಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಕಾಯುತ್ತದೆ ಅಷ್ಟೆ.

ಕಸದ ನಿಯಮವೂ ಮೊದಲು ವಿಚಿತ್ರವಾಗಿಯೇ ಕಾಣುತ್ತದೆ. ಕಾಗದಕ್ಕೆ ಒಂದು ಡಬ್ಬಿ, ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಹಳದಿ ಚೀಲ ಅಥವಾ ಡಬ್ಬಿ, ತರಕಾರಿ ಸಿಪ್ಪೆಗೆ ಇನ್ನೊಂದು, ಉಳಿದದ್ದಕ್ಕೆ ಮತ್ತೊಂದು. ಯಾವುದು ಯಾವ ಬಣ್ಣ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಗಾಜಿನ ಬಾಟಲಿಗಳನ್ನು ಬಿಳಿ, ಕಂದು, ಹಸಿರು ಎಂದು ವಿಂಗಡಿಸಿ ಬೀದಿಯ ದೊಡ್ಡ ಡಬ್ಬಿಗೆ ಹಾಕಬೇಕು, ಭಾನುವಾರ ಹಾಕಬಾರದು, ಸದ್ದಾಗುತ್ತದೆ. ನೀರು, ಜ್ಯೂಸಿನ ಹೆಚ್ಚಿನ ಪ್ಲಾಸ್ಟಿಕ್ ಬಾಟಲಿ, ಡಬ್ಬಗಳಿಗೆ ಅಂಗಡಿಯಲ್ಲೇ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಖಾಲಿ ಬಾಟಲಿ ತಿನ್ನಿಸಿದರೆ ಹಣ ವಾಪಸು. 2003ರಿಂದ ಇರುವ ಪದ್ಧತಿ ಇದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮನೆಯೊಳಗೂ ಸದ್ದು ಮಾಡುವಂತಿಲ್ಲವಾದ್ದರಿಂದ ಬೆಳಗಿನ ಜಾವ ಚಟ್ನಿಗೆ ಮಿಕ್ಸಿ ಹಾಕುವ ಅಭ್ಯಾಸ ಬಿಡಬೇಕು. ಸ್ಟುಟ್‌ಗಾರ್ಟ್ ಸೀಮೆಯಲ್ಲಾದರೆ ಮೆಟ್ಟಿಲು ಗುಡಿಸುವ ಪಾಳಿ ಮನೆ ಮನೆಗೂ ವಾರಕ್ಕೊಂದರಂತೆ ಬರುತ್ತದೆ. ನಿಮ್ಮ ಬಾಗಿಲಿಗೆ ಒಂದು ಫಲಕ ನೇತುಹಾಕಿದ್ದರೆ ಈ ವಾರ ನಿಮ್ಮದು ಎಂದರ್ಥ.

ದುಡ್ಡಿನ ಕೆಲವು ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಆರೋಗ್ಯ ವಿಮೆ ಕಡ್ಡಾಯ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ವ್ಯವಸ್ಥೆ, ನೌಕರರ ಕಂತನ್ನು ಮಾಲೀಕರೂ ನೌಕರರೂ ಹಂಚಿಕೊಳ್ಳುತ್ತಾರೆ. ವಿದ್ಯಾರ್ಥಿಗಳು ವೀಸಾಕ್ಕೆ ವರ್ಷದ ಖರ್ಚನ್ನು ಮೊದಲೇ ತಡೆಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ, ಅದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ಟಿವಿ ಇರಲಿ ಬಿಡಲಿ, ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗೆಂದು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಆ ಪತ್ರವನ್ನು ಜಾಹೀರಾತೆಂದು ಎಸೆಯಬಾರದು. ಕರೆಂಟಿಗೆ ನೀವೇ ಕಂಪನಿ ಆರಿಸದಿದ್ದರೆ ಊರಿನ ಮೂಲ ಸರಬರಾಜುದಾರರ ದರ ಬೀಳುತ್ತದೆ, ಸಾಮಾನ್ಯವಾಗಿ ಅದು ದುಬಾರಿ. ಇನ್ನು ಇಲ್ಲಿನ ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಒಟಿಪಿ ಬರುವ ಇಲ್ಲಿನ ಸಿಮ್ ಸತ್ತುಹೋಗದಂತೆ ಊರಿನಲ್ಲಿ ಯಾರಾದರೂ ರೀಚಾರ್ಜ್ ಮಾಡಿಸುತ್ತಿರಬೇಕು.

ಒಂದು ಕೀ ಪಕ್ಕದ ಮನೆಯಲ್ಲಿ

ಜರ್ಮನಿಯ ಐದು ಮನೆಗಳಲ್ಲಿ ಎರಡರಲ್ಲಿ ಒಬ್ಬರೇ ವಾಸ. ಎಂಬತ್ತರ ಅಜ್ಜಿಯೂ ಇಪ್ಪತ್ತರ ಹುಡುಗನೂ ಒಬ್ಬೊಬ್ಬರೇ ಇರುವುದು ಅಲ್ಲಿ ಸಾಧಾರಣ ಸಂಗತಿ. ಇದರಿಂದ ಒಂದು ದೊಡ್ಡ ಅನುಕೂಲವಿದೆ. ಒಂಟಿ ಹೆಣ್ಣುಮಗಳು ಎಂದು ಮನೆ ಕೊಡಲು ಹಿಂಜರಿಯುವುದು, ರಾತ್ರಿ ಎಷ್ಟು ಹೊತ್ತಿಗೆ ಬಂದಳು ಎಂದು ಲೆಕ್ಕ ಇಡುವುದು, ಮದುವೆ ಯಾವಾಗ ಎಂದು ಲಿಫ್ಟಿನಲ್ಲಿ ಕೇಳುವುದು ಇಲ್ಲ. ನಮ್ಮ ಅನೇಕ ಹೆಣ್ಣುಮಕ್ಕಳು ಜೀವನದಲ್ಲಿ ಮೊದಲ ಬಾರಿಗೆ ಉಸಿರಾಡಿದಂತಾಯಿತು ಎನ್ನುವುದು ಇದಕ್ಕೇ, ಅದು ಸಣ್ಣ ಮಾತಲ್ಲ. ಆದರೆ ಅದೇ ಕಾರಣಕ್ಕೆ ‘ಯಾಕಮ್ಮ, ಎರಡು ದಿನದಿಂದ ಕಾಣಲಿಲ್ಲ’ ಎಂದು ಬಾಗಿಲು ತಟ್ಟುವವರೂ ಇರುವುದಿಲ್ಲ. ಒಬ್ಬರೇ ಇರುವುದನ್ನು ಅಲ್ಲಿನವರು ಅವರವರ ಇಷ್ಟ ಎಂದು ಗೌರವಿಸುತ್ತಾರೆ. ಜೊತೆ ಬೇಕಿದ್ದರೆ ಬೇಕು ಎಂದು ನಾವೇ ತೋರಿಸಿಕೊಳ್ಳಬೇಕು.

ಹೊಸದಾಗಿ ಬಂದವರೇ ನೆರೆಯವರ ಕರೆಗಂಟೆ ಒತ್ತಿ ಪರಿಚಯ ಹೇಳಿಕೊಳ್ಳುವುದು ಅಲ್ಲಿನ ಪದ್ಧತಿ. ನಮ್ಮಲ್ಲಿ ಇದು ತಿರುಗುಮುರುಗು. ಪಕ್ಕದ ಮನೆಯವರು ತಾವಾಗಿಯೇ ಬಂದು ನೀರು, ಕಾಫಿ ಬೇಕೇ ಎಂದು ವಿಚಾರಿಸುತ್ತಾರೆ. ಯಾರೂ ಬರಲಿಲ್ಲವಲ್ಲ ಎಂದು ಒಳಗೇ ಕೂತು ನೊಂದುಕೊಳ್ಳುವ ನಮ್ಮ ಮಕ್ಕಳಿಗೆ ಈ ಒಂದು ಸಂಗತಿ ಯಾರಾದರೂ ಮೊದಲೇ ಹೇಳಬೇಕು. ಪಾರ್ಸೆಲ್ಲುಗಳಿಂದಲೂ ಪರಿಚಯ ಬೆಳೆಯುತ್ತದೆ. ನೀವು ಮನೆಯಲ್ಲಿಲ್ಲದಾಗ ಪಾರ್ಸೆಲ್ ತಂದವರು ಅದನ್ನು ನೆರೆಯವರ ಕೈಗೆ ಕೊಟ್ಟು ಚೀಟಿ ಬಿಟ್ಟು ಹೋಗುತ್ತಾರೆ. ಸಂಜೆ ಅದನ್ನು ಪಡೆಯಲು ಹೋದವರು ಬಾಗಿಲಲ್ಲೇ ಥ್ಯಾಂಕ್ಸ್ ಹೇಳಿ ಓಡಿಬಾರದು, ಎರಡು ಮಾತಾಡಿ ಬರಬೇಕು. ಅವರ ಪಾರ್ಸೆಲ್ಲನ್ನು ನೀವೂ ಒಂದು ದಿನ ತೆಗೆದುಕೊಳ್ಳುತ್ತೀರಿ.

ನೆರೆಯವರ ಈ ಪರಿಚಯ ಬರೀ ಸೌಜನ್ಯದ ಮಾತಲ್ಲ. ಅಲ್ಲಿನ ಮನೆಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ಕೀ ಇಲ್ಲದೆ ತೆರೆಯುವುದಿಲ್ಲ. ಕಸ ಹಾಕಲು ಚಪ್ಪಲಿ ಮೆಟ್ಟಿ ಹೊರಬಂದವರು ಹೊರಗೇ ಉಳಿಯಬಹುದು. ಭಾನುವಾರವೋ ರಾತ್ರಿಯೋ ಬೀಗ ತೆಗೆಸುವ ಖರ್ಚು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೀ ಕಳೆದುಹೋದರೆ ಇನ್ನೂ ಕಷ್ಟ. ಇಡೀ ಕಟ್ಟಡಕ್ಕೆ ಒಂದೇ ಬೀಗದ ಸರಣಿ ಇದ್ದಲ್ಲಿ ಎಲ್ಲ ಬೀಗಗಳನ್ನೂ ಬದಲಿಸುವ ವೆಚ್ಚ ತಲೆಗೆ ಬರಬಹುದು. ಇನ್ನೊಬ್ಬರಿಗೆ ನಮ್ಮಿಂದಾದ ನಷ್ಟ ತುಂಬಿಕೊಡುವ ವಿಮೆ ಅಲ್ಲಿ ವರ್ಷಕ್ಕೆ ನೂರು ಯೂರೊಗಿಂತ ಕಡಿಮೆಗೆ ಸಿಗುತ್ತದೆ. ಕೀ ಕಳೆದದ್ದೂ ಅದರಲ್ಲಿ ಸೇರಿದೆಯೇ ಎಂದು ನೋಡಿಯೇ ಕೊಳ್ಳಬೇಕು. ನಂಬಿಕೆಯ ನೆರೆಯವರಲ್ಲೋ ಅದೇ ಊರಿನ ಗೆಳೆಯರಲ್ಲೋ ಒಂದು ಹೆಚ್ಚುವರಿ ಕೀ ಇಡಬೇಕು. ಮೈಗೆ ಹುಷಾರಿಲ್ಲದೆ ಏಳಲಾರದ ದಿನ ಒಳಗೆ ಬರಬಲ್ಲವರು ಅವರೇ. ಜ್ವರ ಬರುವ ಮೊದಲೇ ಹತ್ತಿರದ ಕುಟುಂಬ ವೈದ್ಯರ ಬಳಿ ಹೆಸರು ಬರೆಸಿಡಬೇಕು. ರಾತ್ರಿ, ರಜೆಯಲ್ಲಿ ವೈದ್ಯರು ಬೇಕಾದರೆ 116117, ಪ್ರಾಣಕ್ಕೆ ಅಪಾಯವೆಂದರೆ 112. ಈ ಎರಡು ಸಂಖ್ಯೆಗಳನ್ನು ಇಲ್ಲಿರುವ ಅಪ್ಪ ಅಮ್ಮನೂ ಬರೆದಿಟ್ಟುಕೊಂಡಿದ್ದು, ಮಗಳು ಫೋನಿನಲ್ಲಿ ಗಾಬರಿಯಾದಾಗ ಓದಿ ಹೇಳುವಂತಿರಬೇಕು.

ಕನ್ನಡ ಕಿವಿಗೆ ಬೀಳಬೇಕು ಅನ್ನಿಸಿದಾಗ ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘವಿದೆ, ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟವಿದೆ. ಯುಗಾದಿ, ರಾಜ್ಯೋತ್ಸವಕ್ಕೆ ಅಲ್ಲಿ ಸಿಗುವ ಒಂದು ಊಟ, ಹತ್ತು ಮಂದಿಯ ಫೋನ್ ನಂಬರು ವರ್ಷವಿಡೀ ಉಪಯೋಗಕ್ಕೆ ಬರುತ್ತವೆ. ಆದರೆ ಅಲ್ಲಿಗೇ ನಿಲ್ಲಬಾರದು ಎಂಬುದು ನನ್ನ ಒತ್ತಾಯ. ಹೆಚ್ಚಿನ ಊರುಗಳಲ್ಲಿ ಸಾರ್ವಜನಿಕ ಶಿಕ್ಷಣ ಕೇಂದ್ರಗಳಿವೆ. ಜರ್ಮನ್ ಭಾಷೆ, ಈಜು, ಚಿತ್ರಕಲೆ ಎಲ್ಲವನ್ನೂ ಕಡಿಮೆ ಶುಲ್ಕಕ್ಕೆ ಕಲಿಸುತ್ತಾರೆ. ಬೆಟ್ಟ ಹತ್ತುವವರ, ಹಾಡುವವರ, ಚೆಸ್ ಆಡುವವರ ಸಂಘಗಳಿವೆ. ಜರ್ಮನರು ಬೀದಿಯಲ್ಲಿ ಮಾತಿಗೆ ಸಿಗುವವರಲ್ಲ, ಇಂಥ ಸಂಘಗಳಲ್ಲಿ ವಾರ ವಾರ ಮುಖ ಕಂಡು ನಿಧಾನವಾಗಿ ಹತ್ತಿರವಾಗುವವರು. ಭಾಷೆ ಬಂದರೆ ಮೆಟ್ಟಿಲ ಬಳಿಯ ಹಾಳೆಯೂ ಅರ್ಥವಾಗುತ್ತದೆ, ಅದನ್ನು ಬರೆದವರೂ ಅರ್ಥವಾಗುತ್ತಾರೆ. ಹೊರನಾಡಿನ ಭಾಷೆ ಕಲಿತವರ ಉದಾಹರಣೆ ನಮ್ಮಲ್ಲೇ ಇದೆ. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದಾಗ ಇಪ್ಪತ್ತೊಂದು ವರ್ಷದ ತರುಣ. 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಲ್ಲಿನ ಜನರ ನಡುವೆ ದಶಕಗಳ ಕಾಲ ಕಿವಿಗೊಟ್ಟು ಬಾಳಿದ್ದರ ಫಲ. ಅವರು ಕೊನೆಯುಸಿರೆಳೆದ ಟ್ಯೂಬಿಂಗೆನ್ ಊರು ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ಆ ಸೀಮೆಯಲ್ಲಿ ಕೆಲಸ ಮಾಡುವ ಕನ್ನಡದ ಎಂಜಿನಿಯರ್‌ಗಳಿಗೆ ಒಂದು ಶನಿವಾರದ ಪ್ರಯಾಣ.

ಇಲ್ಲಿರುವ ತಂದೆತಾಯಿಗಳಿಗೂ ಎರಡು ಮಾತು. ಸಮಯದ ಅಂತರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಎಂಟಕ್ಕೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆ ತಿಂಗಳುಗಳಲ್ಲಿ ಮಗ ಮಾತು ಕಡಿಮೆ ಮಾಡಿದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಗದರಲೂ ಬೇಡಿ. ಬೆಳಕಿದ್ದಾಗ ಅರ್ಧ ಗಂಟೆ ಹೊರಗೆ ನಡೆದು ಬಾ ಎಂದು ಹೇಳಿ. ‘ಊಟ ಆಯ್ತಾ’ ಎಂದು ಕೇಳುವುದನ್ನು ಬಿಡಬೇಡಿ. ಜೊತೆಗೆ ‘ಈ ವಾರ ಯಾರ ಜೊತೆ ಊಟ ಮಾಡಿದೆ’ ಎಂದೂ ಕೇಳಿ. ಹುಳಿಪುಡಿಯ ಪೊಟ್ಟಣಕ್ಕಿಂತ ಆ ಪುಡಿ ಮಾಡುವ ಅಳತೆಯನ್ನು ಬರೆದು ಕಳಿಸಿ, ಅದು ಮುಗಿಯುವುದಿಲ್ಲ.

ಹೋಗಿ ನೋಡಿ ಬರುವ ಆಸೆಯಿದ್ದರೆ ಚಳಿಗಾಲ ಬೇಡ, ಮೇ ಅಥವಾ ಜೂನ್ ಆಗಲಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಮಕ್ಕಳು ಕೆಲಸ ಮುಗಿಸಿ ಬಂದ ಮೇಲೂ ಒಟ್ಟಿಗೆ ತಿರುಗಾಡಬಹುದು. ಷೆಂಗನ್ ವೀಸಾದಲ್ಲಿ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕೇ ಬೇಕು. ನಿಮ್ಮ ಖರ್ಚನ್ನು ಮಗಳೋ ಮಗನೋ ನೋಡಿಕೊಳ್ಳುವುದಾದರೆ ಅವರು ತಮ್ಮ ಊರಿನ ಕಚೇರಿಗೆ ಹೋಗಿ ಜವಾಬ್ದಾರಿ ಪತ್ರ ಮಾಡಿಸಿ ಮೂಲಪ್ರತಿಯನ್ನು ನಿಮಗೆ ಕಳಿಸಬೇಕು, ಅದಕ್ಕೆ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಹಿಡಿಯಬಹುದು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಹಾಕಬಹುದಾದ್ದರಿಂದ ಜೂನ್‌ಗೆ ಹೊರಡುವವರು ಸಂಕ್ರಾಂತಿ ಕಳೆದ ಕೂಡಲೇ ಕಾಗದಪತ್ರ ಜೋಡಿಸಲು ಕೂತರೆ ಸರಿಹೋಗುತ್ತದೆ.